ಲಾಲ್‌ಬಾಗ್ ಬಂಡೆಯ ಕತೆ ಮಕ್ಕಳಿಗೂ ಗೊತ್ತಾಗಲಿ

ಮಾನ್ಯ ತೋಟಗಾರಿಕೆ ಸಚಿವರಿಗೆ,

ನಮಸ್ಕಾರ. ಹೋದ ಭಾನುವಾರ ಏಳು ವರ್ಷದ ಮೊಮ್ಮಗಳ ಜೊತೆ ಲಾಲ್‌ಬಾಗ್ ಬಂಡೆ ಹತ್ತಿದ್ದೆ. ಮೇಲಿರುವ ಕೆಂಪೇಗೌಡ ಗೋಪುರ ತೋರಿಸಿ, "ತಾತ, ಇಲ್ಲಿ ಎಲ್ಲಕ್ಕಿಂತ ಹಳೇದು ಇದೇನಾ?" ಅಂದಳು. "ಅಲ್ಲ ಪುಟ್ಟಿ, ನೀನು ಕೂತಿದ್ದೀಯಲ್ಲ, ಅದು" ಅಂದೆ. ತಟ್ಟನೆ ಎದ್ದು ನಿಂತು ಬಂಡೆಯನ್ನೇ ನೋಡಿದಳು.

ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಹೈದರ್ ಅಲಿ ಇಲ್ಲಿ ತೋಟ ಶುರು ಮಾಡಿಸಿದ್ದು 1760ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಭೂವಿಜ್ಞಾನಿಗಳು ಈ ಕಲ್ಲನ್ನು ಪೆನಿನ್ಸುಲರ್ ನೈಸ್ ಅನ್ನುತ್ತಾರೆ. ನೆಲದಾಳದ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಕಲ್ಲು ಮೆತ್ತಗಾಗಿ, ಬಾಗಿ, ಮಡಚಿಕೊಂಡ ಗುರುತು ಇನ್ನೂ ಇದೆ. ಮಳೆ ನಿಂತ ಮೇಲೆ ಹೋಗಿ ನೋಡಿ. ಒದ್ದೆ ಬಂಡೆಯಲ್ಲಿ ಬಿಳಿ, ಬೂದು ಪಟ್ಟೆಗಳು ಎದ್ದು ಕಾಣುತ್ತವೆ. ಮೊಮ್ಮಗಳು ಒಂದು ಪಟ್ಟೆಯ ಮೇಲೆ ಬೆರಳಿಟ್ಟು, ಅದು ಹೋದ ಕಡೆಗೆಲ್ಲ ಬಗ್ಗಿಕೊಂಡೇ ಹೋದಳು. "ನಮ್ಮ ಮನೆ ಕೆಳಗೂ ಇದೇ ಇದೆಯಾ?" ಅಂತ ಕೇಳಿದಳು. ಬೆಂಗಳೂರಿನ ನೆಲದಡಿ ಇರುವುದು ಬಹುಪಾಲು ಇದೇ ಜಾತಿಯ ಕಲ್ಲು ಅಂದಾಗ ಅವಳ ಮುಖ ನೋಡಬೇಕಿತ್ತು!

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೂ ನಮ್ಮ ಪಕ್ಕದಲ್ಲೇ ಒಬ್ಬ ಹುಡುಗ ಚೂಪು ಕಲ್ಲಿನಿಂದ ತನ್ನ ಹೆಸರು ಗೀಚುತ್ತಿದ್ದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನಿಗೆ ಇದು ಸುಮ್ನೆ ಒಂದು ಕಲ್ಲುಗುಡ್ಡ. ಯಾರಾದರೂ ಹೇಳಿದ್ದರೆ ತಾನೇ ಗೊತ್ತಾಗೋದು? ನಾನು ವಯಸ್ಸು ಹೇಳಿದೆ. ಕೈಯಲ್ಲಿದ್ದ ಕಲ್ಲು ಬಿಸಾಕಿ, ಅಂಗೈಯಿಂದ ಗೀರನ್ನು ಒರೆಸಲು ನೋಡಿದ. ಗೀರು ಹೋಗಲಿಲ್ಲ.

ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಎಷ್ಟೊಂದು ಜನ ಬರುತ್ತಾರೆ. ನನಗೂ ಹೂವು ಇಷ್ಟವೇ. ಆದರೆ 240 ಎಕರೆಯ ಈ ತೋಟದಲ್ಲಿ ಬಂಡೆಗೂ ಒಂದಿಷ್ಟು ಗಮನ ಸಿಗಬೇಕು, ಅಲ್ವಾ?

ನನ್ನ ಕೋರಿಕೆ ಇಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಒಂದು ಗಂಟೆ "ಬಂಡೆ ನಡಿಗೆ" ಇಡಿಸಿ. ಟಿಕೆಟ್ ಬೇಡ. ಭೂವಿಜ್ಞಾನ ಓದುವ ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು ಕನ್ನಡದಲ್ಲಿ ಕತೆ ಹೇಳಲಿ. ಮೊದಲು ಸರ್ಕಾರಿ ಶಾಲೆ ಮಕ್ಕಳನ್ನು ಕರೆಸಿ, ಬಸ್ಸಿನ ಖರ್ಚು ಇಲಾಖೆಯೇ ಕೊಡಲಿ. ಕೆಳಗೆ, ಹತ್ತಲು ಶುರು ಮಾಡುವ ಜಾಗದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಸುಲಭ ಕನ್ನಡದ ಒಂದು ಫಲಕವೂ ಇರಲಿ. ಅದನ್ನು ಮಣ್ಣಿನಲ್ಲಿ ನೆಡಿಸಿ. ದಯವಿಟ್ಟು ಬಂಡೆಗೆ ಮೊಳೆ ಹೊಡೆಸಬೇಡಿ.

ಇಂತಿ,
ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುವ ಒಬ್ಬ ತಾತ