ಸಹಾಯಧನಕ್ಕೆ ಮೊದಲು ಪ್ಲಗ್ ಕೊಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ವಿದ್ಯುತ್ ಕಾರು ಕೊಳ್ಳುವವರಿಗೆ ಸಹಾಯಧನ ಹೆಚ್ಚಿಸುವ ಮಾತು ಮತ್ತೆ ಕೇಳಿಬರುತ್ತಿದೆ. ಆ ಹಣವನ್ನು ಮೊದಲು ಕಾರು ರಾತ್ರಿ ನಿಲ್ಲುವ ಜಾಗಕ್ಕೆ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. ಮೂರು ವರ್ಷದಿಂದ ಇಂಥ ಕಾರನ್ನೇ ಓಡಿಸುತ್ತಿದ್ದೇನೆ. ಅದರ ಸುಖವನ್ನೂ ಕಂಡಿದ್ದೇನೆ, ಪಾಡನ್ನೂ ಪಟ್ಟಿದ್ದೇನೆ. ಎರಡಕ್ಕೂ ಮೂಲ ಒಂದೇ: ಗೋಡೆಯ ಮೇಲಿನ ಪ್ಲಗ್.

ಮೊದಲ ವರ್ಷ ನಾವು ಬಾಡಿಗೆಗಿದ್ದ ಮನೆಗೆ ಅಂಗಳವಿತ್ತು. ಸಂಜೆ ಕಾರು ನಿಲ್ಲಿಸಿ, ಕೇಬಲ್ ಸಿಕ್ಕಿಸಿ ಒಳಗೆ ಹೋದರೆ ಮುಗಿಯಿತು. ಮೊಬೈಲ್ ಚಾರ್ಜಿಗೆ ಹಾಕುವಷ್ಟೇ ಕೆಲಸ. ಆ ಪ್ಲಗ್ಗಿನಿಂದ ಗಂಟೆಗೆ ಹೆಚ್ಚುಕಡಿಮೆ 3 ಯೂನಿಟ್ ವಿದ್ಯುತ್ ಸಿಗುತ್ತಿತ್ತು. ನನ್ನ ಕಾರಿಗೆ 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬೇಕು. ಕಚೇರಿಗೆ ಹೋಗಿಬರುವ 40 ಕಿಲೋಮೀಟರಿನ ಲೆಕ್ಕ 6 ಯೂನಿಟ್, ಅಂದರೆ ಎರಡು ಗಂಟೆಯ ಚಾರ್ಜಿಂಗ್. ರಾತ್ರಿಯ ಉಳಿದ ಹೊತ್ತೆಲ್ಲ ಕಾರು ಸುಮ್ಮನೆ ನಿಂತಿರುತ್ತಿತ್ತು. ಆ ವರ್ಷ ಸಾರ್ವಜನಿಕ ಚಾರ್ಜಿಂಗ್ ಕೇಂದ್ರದ ಮುಖ ನೋಡಿದ್ದು ನಾಲ್ಕೈದು ಸಲ, ಅದೂ ದೂರದ ಊರಿಗೆ ಹೊರಟಾಗ.

ಆಮೇಲೆ ಅಪಾರ್ಟ್‌ಮೆಂಟಿಗೆ ಬಂದೆವು. ನೆಲಮಾಳಿಗೆಯಲ್ಲಿ ನನ್ನ ಕಾರು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆಗೆ ನೀರಿನ ಪಂಪಿನ ಸ್ವಿಚ್ ಬೋರ್ಡ್ ಇದೆ. ನನ್ನದೇ ಖರ್ಚಿನಲ್ಲಿ ಪ್ರತ್ಯೇಕ ಮೀಟರ್, ಹೊಸ ತಂತಿ ಹಾಕಿಸಿಕೊಳ್ಳುತ್ತೇನೆ ಎಂದು ನಿವಾಸಿಗಳ ಸಂಘಕ್ಕೆ ಬರೆದುಕೊಟ್ಟೆ. ಬೆಂಕಿ ಹೊತ್ತಿಕೊಂಡರೆ ಯಾರು ಹೊಣೆ, ನಾಳೆ ಎಲ್ಲರೂ ಕೇಳಿದರೆ ಏನು ಮಾಡುವುದು ಎಂಬ ಪ್ರಶ್ನೆಗಳು ಎದ್ದವು. ಆ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಉತ್ತರ ಹೇಳಬಲ್ಲ ಅಧಿಕಾರಿ ಒಬ್ಬರಾದರೂ ಬಂದು ನೋಡಿದ್ದರೆ ಸಾಕಿತ್ತು. ಅರ್ಜಿ ಇಂದಿಗೂ ಹಾಗೆಯೇ ಬಿದ್ದಿದೆ.

ಈಗ ವಾರಕ್ಕೆರಡು ರಾತ್ರಿ ಚಾರ್ಜಿಂಗ್ ಕೇಂದ್ರಕ್ಕೆ ಹೋಗುತ್ತೇನೆ. ಕಳೆದ ವಾರದ ಒಂದು ರಾತ್ರಿಯನ್ನೇ ಹೇಳುತ್ತೇನೆ. ಇರುವುದು ಎರಡು ಯಂತ್ರ. ಒಂದರ ಪರದೆಯ ಮೇಲೆ ‘ಕೆಟ್ಟಿದೆ’ ಎಂದು ಬರೆದ ಕಾಗದ. ಅಂಟು ಒಣಗಿ ಅದರ ಮೂಲೆ ಸುರುಳಿಯಾಗಿತ್ತು, ಅಷ್ಟು ಹಳೆಯದು. ಇನ್ನೊಂದಕ್ಕೆ ಸಿಕ್ಕಿಸಿದ್ದ ಕಾರು ಯಾವಾಗಲೋ ತುಂಬಿತ್ತು, ಮಾಲೀಕರ ಸುಳಿವಿರಲಿಲ್ಲ. ಅವರು ಬರುವವರೆಗೆ ಮುಕ್ಕಾಲು ಗಂಟೆ. ನನ್ನ ಸರದಿ ಬಂದಾಗ, ಆ ಕೇಂದ್ರದ ಆ್ಯಪಿಗೆ ಮುಂಗಡ ಹಣ ತುಂಬಿ ಎಂದಿತು. ನೆಟ್‌ವರ್ಕ್ ಸಿಗದೆ ಹಣ ಹೋಗಲಿಲ್ಲ, ರಸ್ತೆಗೆ ಬಂದು ತುಂಬಿ ಮತ್ತೆ ಒಳಗೆ ಓಡಿದೆ. ಶೇ 80ರ ನಂತರ ವೇಗ ಇಳಿಯಿತು. ಇದು ಯಂತ್ರದ ದೋಷವಲ್ಲ. ಕೊಡ ತುಂಬುತ್ತ ಬಂದಾಗ ನಲ್ಲಿ ಸಣ್ಣ ಮಾಡುವಂತೆ, ಬ್ಯಾಟರಿಯನ್ನು ಕಾಪಾಡಲು ಹಾಗೆ ಮಾಡಲೇಬೇಕು. ಮನೆ ಸೇರುವಾಗ ಹನ್ನೊಂದೂವರೆ. ಮಗಳು ಮಲಗಿಬಿಟ್ಟಿದ್ದಳು.

ಕಾರು ಅದೇ, ಓಡಿಸುವವಳೂ ನಾನೇ. ಹಾಗಿರುವಾಗ ಈ ಕಾರು ಜನಸಾಮಾನ್ಯರ ದಿನಬಳಕೆಗೆ ಆಗಿಬರುತ್ತದೆಯೇ ಎಂದು ಕೇಳಿದವರಿಗೆ ನಾನು ಏನು ಹೇಳಲಿ?

ಕಾರಿನ ಮಿತಿಗಳನ್ನು ಮುಚ್ಚಿಡುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆಗೆ ಚಾರ್ಜು ಬೇಗ ಕರಗುತ್ತದೆ, ಕೊರೆಯುವ ಚಳಿಯಲ್ಲಿ ಇನ್ನೂ ಬೇಗ. ಕಂಪನಿ ಹೇಳುವ ದೂರ ಪ್ರಯೋಗಾಲಯದ ಪರೀಕ್ಷೆಯದು, ರಸ್ತೆಯಲ್ಲಿ ಅಷ್ಟು ಸಿಗುವುದು ಅಪರೂಪ. ದಿನವೂ ನೂರಾರು ಕಿಲೋಮೀಟರ್ ಸುತ್ತುವವರಿಗೆ ನಾನು ಇದನ್ನು ಕೊಳ್ಳಿ ಎನ್ನುವುದಿಲ್ಲ. ಆದರೆ ನಿಂತು ನಿಂತು ಸಾಗುವ ನಗರದ ದಟ್ಟಣೆಯೇ ಇದರ ತವರು. ಪೆಟ್ರೋಲಿನ ಶಕ್ತಿಯ ಬಹುಪಾಲು ಶಾಖವಾಗಿ ಹಾರಿಹೋಗುವ ಜಾಗದಲ್ಲಿ, ಇದು ಬ್ರೇಕ್ ಹಿಡಿದಾಗಲೂ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುವ ಕಂಪನಿಗಳು ಹಲವು.

ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪೂರ್ಣ ವಿದ್ಯುತ್ತಿನವು. ಅಲ್ಲಿನ ತೆರಿಗೆ ವಿನಾಯಿತಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅಪಾರ್ಟ್‌ಮೆಂಟಿನವರು ಚಾರ್ಜಿಂಗ್ ವ್ಯವಸ್ಥೆ ಕೇಳಿದರೆ ತಕ್ಕ ಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎಂಬ ಕಾನೂನೂ ಅಲ್ಲಿದೆ. ಅದನ್ನು ಹೇಳುವವರು ಕಡಿಮೆ. ಬ್ರಿಟನ್ 2023ರ ನಿಯಮಗಳಲ್ಲಿ, ವೇಗದ ಚಾರ್ಜಿಂಗ್ ಜಾಲಗಳು ವರ್ಷದ ಸರಾಸರಿಯಲ್ಲಿ ಶೇ 99ರಷ್ಟು ಹೊತ್ತು ಕೆಲಸ ಮಾಡುವ ಸ್ಥಿತಿಯಲ್ಲಿರಬೇಕೆಂದು ವಿಧಿಸಿತು. ಲಂಡನ್ನಿನ ಹಲವು ಬೀದಿಗಳಲ್ಲಿ ದೀಪದ ಕಂಬಕ್ಕೇ ಪ್ಲಗ್ ಇದೆ; ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಿಗೂ ರಾತ್ರಿಯಿಡೀ ನಿಧಾನದ ಚಾರ್ಜು ಸಿಗುತ್ತದೆ.

ಇಂಥದ್ದನ್ನೇ ತಮ್ಮಿಂದ ಕೇಳುತ್ತಿದ್ದೇನೆ. ಸ್ವಂತ ಖರ್ಚಿನಲ್ಲಿ ಸುರಕ್ಷಿತ ಪ್ಲಗ್ ಹಾಕಿಸಿಕೊಳ್ಳುವ ಹಕ್ಕು ಬಾಡಿಗೆದಾರರಿಗೂ ಸಿಗಲಿ. ಅರ್ಜಿ ಬಂದ ನಿರ್ದಿಷ್ಟ ದಿನಗಳೊಳಗೆ ವಿದ್ಯುತ್ ಪರಿವೀಕ್ಷಕರು ಬಂದು ನೋಡಿ, ಸರಿಯೋ ತಪ್ಪೋ ಬರೆದುಕೊಡಲಿ. ಎಲ್ಲರೂ ಕೇಳಿದರೆ ಕಟ್ಟಡದ ವಿದ್ಯುತ್ ಸಾಲುತ್ತದೆಯೇ ಎಂಬುದಕ್ಕೂ ದಾರಿಯಿದೆ: ಒಂದೊಂದು ಕಾರಿಗೆ ಬೇಕಾದದ್ದು ರಾತ್ರಿಗೆ ಎರಡು ಗಂಟೆಯಾದರೆ, ಸರದಿಯ ಮೇಲೆ ವಿದ್ಯುತ್ ಹಂಚುವ ಸಾಧನಗಳು ಆ ಹೊರೆಯನ್ನು ಇಡೀ ರಾತ್ರಿಗೆ ಹರಡುತ್ತವೆ. ಕೆಟ್ಟ ಯಂತ್ರವನ್ನು ಹಾಗೆಯೇ ಬಿಟ್ಟ ಕೇಂದ್ರಕ್ಕೆ ದಂಡ ಬೀಳಲಿ.

ತಾವು ಒಪ್ಪುವುದಾದರೆ ಒಂದು ರಾತ್ರಿ ನಮ್ಮ ನೆಲಮಾಳಿಗೆಗೆ ಬನ್ನಿ. ಪಂಪಿನ ಬೋರ್ಡಿನಿಂದ ನನ್ನ ಕಾರಿಗಿರುವ ನಾಲ್ಕು ಹೆಜ್ಜೆಯನ್ನು ತೋರಿಸುತ್ತೇನೆ.

ವಂದನೆಗಳೊಂದಿಗೆ,
ವಿದ್ಯುತ್ ಕಾರಿನ ಒಬ್ಬ ಚಾಲಕಿ