ಕೀಮೋಗೆ ಮೊದಲು ಇನ್ನೊಂದು ಟೆಸ್ಟ್ ಕೇಳಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಅಂದ ತಕ್ಷಣ ಮನೆಮಂದಿಯ ಗಮನವೆಲ್ಲ ಗಡ್ಡೆಯ ಮೇಲೆಯೇ. ಲಿವರ್ ಯಾರಿಗೆ ನೆನಪಾಗುತ್ತದೆ? ನಮಗೂ ಆಗಿರಲಿಲ್ಲ.

ನಮ್ಮ ಚಿಕ್ಕಪ್ಪನಿಗೆ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಕೀಮೋ ಜೊತೆ ರಿಟಕ್ಸಿಮ್ಯಾಬ್ ಅನ್ನೋ ಔಷಧಿಯನ್ನೂ ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಆರು ಸೈಕಲ್ ಮುಗಿಯಿತು, ಸ್ಕ್ಯಾನ್ ಚೆನ್ನಾಗಿ ಬಂತು, ಸದ್ಯ ಗಂಡಾಂತರ ಕಳೆಯಿತು ಅಂದುಕೊಂಡೆವು. ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಕನ್ನಡಿ ಮುಂದೆ ನಿಂತು, ಕೆಳರೆಪ್ಪೆ ಎಳೆದುಕೊಂಡು, "ಕಣ್ಣು ಹಳದಿ ಆಗಿದೆ, ನೋಡೋ" ಅಂದರು. ಲಿವರ್‌ಗೆ ಏಟು ಬಿದ್ದಿದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ ಎಸ್‌ಜಿಪಿಟಿ ಸಾವಿರ ದಾಟಿತ್ತು. ಔಷಧಿಗಳ ಎಫೆಕ್ಟ್ ಇರಬೇಕು ಅಂತ ಒಂದು ವಾರ ಹಾಗೇ ಹೋಯಿತು. ಆಮೇಲೆ ಲಿವರ್ ಡಾಕ್ಟರೊಬ್ಬರು, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್ ಬರೆದುಕೊಟ್ಟರು. ಹೆಪಟೈಟಿಸ್ ಬಿ!

ಆ ರಾತ್ರಿ ಕೂತು ಫೈಲ್ ತಿರುವಿ ಹಾಕಿದೆ. ಕೀಮೋಗೆ ಮೊದಲಿನ ರಿಪೋರ್ಟ್ ಇತ್ತು. ಹೆಪಟೈಟಿಸ್ ಬಿ ಸೋಂಕು ಈಗ ಇದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ ನೆಗೆಟಿವ್, ಪಕ್ಕದಲ್ಲಿ ನೀಲಿ ಪೆನ್ನಿನ ಒಂದು ಟಿಕ್. ಹಿಂದೆ ಯಾವತ್ತಾದರೂ ಬಂದಿತ್ತಾ ಅಂತ ಹೇಳುವ ಕೋರ್ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿರಲೇ ಇಲ್ಲ.

ಹೆಪಟೈಟಿಸ್ ಬಿ ಒಮ್ಮೆ ಬಂದು ವಾಸಿಯಾದರೂ ಪೂರ್ತಿ ಬಿಟ್ಟುಹೋಗುವುದಿಲ್ಲ. ಅದರ ಡಿಎನ್‌ಎ ಲಿವರ್ ಕೋಶಗಳ ಒಳಗೆ ಸುಮ್ನೆ ಕೂತಿರುತ್ತದೆ, ನಮ್ಮ ರೋಗನಿರೋಧಕ ಶಕ್ತಿ ಅದನ್ನು ಕಾವಲು ಕಾಯುತ್ತಿರುತ್ತದೆ. ಎಷ್ಟೋ ಜನಕ್ಕೆ ಯಾವತ್ತೋ ಬಂದುಹೋಗಿದ್ದೇ ಗೊತ್ತಿರುವುದಿಲ್ಲ, ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ. ರಿಟಕ್ಸಿಮ್ಯಾಬ್ ಆ ಕಾವಲಿನ ಬಿ ಕೋಶಗಳನ್ನೇ (ಒಂದು ಬಗೆಯ ಬಿಳಿ ರಕ್ತಕಣ) ಖಾಲಿ ಮಾಡುತ್ತದೆ, ವೈರಸ್ ಎದ್ದು ಬೆಳೆಯುತ್ತದೆ. ಆದರೆ ಲಿವರ್‌ಗೆ ದೊಡ್ಡ ಏಟು ಬೀಳೋದು ಎಷ್ಟೋ ಸಲ ಚಿಕಿತ್ಸೆ ಮುಗಿದ ಮೇಲೆ. ಶಕ್ತಿ ವಾಪಸ್ ಬಂದಾಗ ದೇಹವೇ ವೈರಸ್ ಹೊಕ್ಕ ಕೋಶಗಳನ್ನೆಲ್ಲ ಒಟ್ಟಿಗೆ ಸಾಯಿಸಲು ಹೊರಡುತ್ತದೆ. ಎಲ್ಲ ಮುಗಿಯಿತು ಅಂತ ನಿಟ್ಟುಸಿರು ಬಿಟ್ಟ ಹೊತ್ತಿಗೆ ಕಾಮಾಲೆ ಬರುವುದು ಹೀಗೆ.

ಇದೇನು ಹೊಸ ವಿಷಯ ಅಲ್ಲ ಅನ್ನೋದೇ ನನ್ನ ಸಿಟ್ಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಈ ಔಷಧಿಯ ಮೇಲೆ ಹೆಪಟೈಟಿಸ್ ಬಿ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿಸಿತು. ಅಲ್ಲಿನ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2020ರಲ್ಲಿ, ಕೀಮೋದಂಥ ಚಿಕಿತ್ಸೆ ಶುರು ಮಾಡುವ ಎಲ್ಲರಿಗೂ ಮೂರು ಟೆಸ್ಟ್ ಮಾಡಿಸಿ ಅಂದಿತು: ಎಚ್‌ಬಿಎಸ್‌ಎಜಿ, ಕೋರ್ ಆ್ಯಂಟಿಬಾಡಿ, ಸರ್ಫೇಸ್ ಆ್ಯಂಟಿಬಾಡಿ. ಕೋರ್ ಆ್ಯಂಟಿಬಾಡಿಯಲ್ಲಿ 'ಟೋಟಲ್' ಅಥವಾ 'ಐಜಿಜಿ' ಅಂತ ಇರಬೇಕು. ಬರೀ 'ಐಜಿಎಂ' ನೋಡಿದರೆ ಹಳೇ ಸೋಂಕು ಸಿಗುವುದಿಲ್ಲ. ರಿಪೋರ್ಟ್ ಬರುವ ತನಕ ಕ್ಯಾನ್ಸರ್ ಚಿಕಿತ್ಸೆ ಮುಂದೂಡಬೇಕಾಗಿಲ್ಲ ಅಂತಲೂ ಅವರೇ ಹೇಳಿದ್ದಾರೆ, ಹಾಗಾಗಿ ಟೈಮ್ ಇರಲಿಲ್ಲ ಅನ್ನೋ ಮಾತು ನಡೆಯಲ್ಲ.

ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದವರಿಗಂತೂ ಮಾಮೂಲಿ ಕೀಮೋದಲ್ಲೂ, ಜಾಸ್ತಿ ದಿನದ ಸ್ಟೀರಾಯ್ಡ್‌ನಲ್ಲೂ ಈ ಅಪಾಯ ಇದೆ. ತಡೆಯೋಕೆ ಎಂಟೆಕಾವಿರ್ ಅಥವಾ ಟೆನೊಫೊವಿರ್, ದಿನಕ್ಕೊಂದು ಮಾತ್ರೆ ಸಾಕು. ಆದರೆ ಕೀಮೋ ಮುಗಿಯಿತಲ್ವಾ ಅಂತ ನೀವೇ ಅದನ್ನು ನಿಲ್ಲಿಸಬೇಡಿ, ದಯವಿಟ್ಟು. ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 12 ತಿಂಗಳು ಬೇಕು, ನಿಲ್ಲಿಸಿದ ಮೇಲೂ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಹೆಪಟೈಟಿಸ್ ಸಿ ಕೂಡ ಹೀಗೆ ಕೆರಳಬಹುದು, ಆದರೆ ಇಷ್ಟು ಕೆಟ್ಟದಾಗಿ ಕೆರಳುವುದು ಕಡಿಮೆ, ಮತ್ತು ಅದನ್ನು ಮಾತ್ರೆಯಲ್ಲೇ ಪೂರ್ತಿ ವಾಸಿ ಮಾಡಬಹುದು.

ಚಿಕ್ಕಪ್ಪ ಉಳಿದರು. ತಡವಾಗಿ ಶುರುವಾದರೂ ಮಾತ್ರೆ ಕೆಲಸ ಮಾಡಿತು. ಎಂಟೆಕಾವಿರ್ ಖಾಲಿ ಹೊಟ್ಟೆಯಲ್ಲೇ ತಗೋಬೇಕು, ಊಟ ಆಗಿ ಎರಡು ಗಂಟೆ ಕಳೆದಿರಬೇಕು. ಅದಕ್ಕೇ ದಿನಾ ರಾತ್ರಿ ಹತ್ತೂವರೆಗೆ ಅವರ ಮೊಬೈಲಲ್ಲಿ ಅಲಾರಂ ಹೊಡೆಯುತ್ತದೆ. ಕೀಮೋಗೆ ಮೊದಲೇ ಹೊಡೆಯಬೇಕಿದ್ದ ಅಲಾರಂ ಅದು.

— ಒಬ್ಬ ಓದುಗ