ಬೈಸಿಕೊಂಡವರ ಹೆಸರನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ದಶಕಗಳ ಫ್ಯಾಷನ್ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಪುಟ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಪುಟದ ತುಂಬಾ ಡಿಸೈನರ್‌ಗಳ ಹೆಸರೇ. ಆ ಬಟ್ಟೆಗಳನ್ನು ಮೊದಲು ಹಾಕಿಕೊಂಡು ಬೀದಿಗಿಳಿದು, ಬೈಸಿಕೊಂಡು, ಕೆಲವೊಮ್ಮೆ ಒದೆಯನ್ನೂ ತಿಂದ ಹುಡುಗ ಹುಡುಗಿಯರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ.

ಒದೆ ಅಂದದ್ದು ಸುಮ್ನೆ ಮಾತಿಗಲ್ಲ. 1943ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೌಕಾಪಡೆಯವರು ಗುಂಪು ಕಟ್ಟಿಕೊಂಡು ಬಂದು, ಜೂಟ್ ಸೂಟ್ ಹಾಕಿದ್ದ ಮೆಕ್ಸಿಕನ್ ಮೂಲದ ಹುಡುಗರನ್ನು ಹೊಡೆದರು, ನಡುಬೀದಿಯಲ್ಲಿ ಬಟ್ಟೆ ಕಿತ್ತುಹಾಕಿದರು. ಯುದ್ಧದ ಕಾಲ, ಉಣ್ಣೆ ಬಟ್ಟೆಗೆ ಮಿತಿ ಹಾಕಿದ್ದರು. ಅಂಥ ಹೊತ್ತಲ್ಲಿ ಮೊಣಕಾಲಿನ ತನಕ ಕೋಟು, ದೊಗಳೆ ಪ್ಯಾಂಟು ಹಾಕುವುದು ದೇಶಕ್ಕೆ ಮಾಡಿದ ಮೋಸ ಅಂತ ಸಿಟ್ಟು. ಇದು ಹೇಳಿಕೊಂಡ ಕಾರಣ. ಮೈಬಣ್ಣದ ಮೇಲಿನ ಸಿಟ್ಟು ಎಷ್ಟಿತ್ತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಪೊಲೀಸರು ಹಿಡಿದು ಒಳಗೆ ಹಾಕಿದ್ದೂ ಜಾಸ್ತಿ ಏಟು ತಿಂದವರ ಕಡೆಯವರನ್ನೇ.

ತಮಾಷೆ ನೋಡಿ. ಅದೇ ನಾವಿಕರ ಅಗಲ ಕಾಲಿನ ಪ್ಯಾಂಟು ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಹಿಪ್ಪಿಗಳ ಬೆಲ್‌ಬಾಟಂ ಆಯಿತು, ಯಾಕಂದರೆ ಮಿಲಿಟರಿಯ ಹಳೇ ಮಾಲು ಮಾರುವ ಅಂಗಡಿಗಳಲ್ಲಿ ಅದು ಅಗ್ಗಕ್ಕೆ ಸಿಗುತ್ತಿತ್ತು. (ನಾನೂ ಬೆಲ್‌ಬಾಟಂ ಹಾಕಿ, ನೆಲ ಗುಡಿಸೋಕೆ ಹೊರಟಿದ್ದೀಯಾ ಅಂತ ಕೇಳಿಸಿಕೊಂಡವನೇ.) ಮಾಡ್‌ಗಳ, ಅಂದರೆ 60ರ ದಶಕದ ಬ್ರಿಟನ್ನಿನ ನೀಟಾಗಿ ಸೂಟು ಹಾಕುತ್ತಿದ್ದ ಹುಡುಗರ, ಪಾರ್ಕಾ (ಟೋಪಿ ಇರುವ ಉದ್ದ ಮೇಲಂಗಿ) ಕೂಡ ಅಮೆರಿಕದ ಸೈನ್ಯದ್ದು, ಸ್ಕೂಟರ್ ಓಡಿಸುವಾಗ ಒಳಗಿನ ಒಳ್ಳೆ ಸೂಟು ಕೊಳೆಯಾಗದಿರಲಿ ಅಂತ ಹಾಕುತ್ತಿದ್ದರು. 1960ರಲ್ಲಿ ಕೆಲಸಗಾರರಿಗಾಗಿ ಬಂದ ಡಾಕ್ಟರ್ ಮಾರ್ಟೆನ್ಸ್ ಬೂಟು ಮೊದಲು ತಲೆಗೂದಲು ಬೋಳು ಮಾಡಿಕೊಳ್ಳುತ್ತಿದ್ದ ಸ್ಕಿನ್‌ಹೆಡ್ ಹುಡುಗರ, ಆಮೇಲೆ ಪಂಕ್ ಸಂಗೀತದ ಗುಂಗಿನ ಪಂಕ್‌ಗಳ ಕಾಲಿಗೆ ಹೋಯಿತು.

ಎಲ್ಲವೂ ಕೆಳಗಿನಿಂದಲೇ ಮೇಲೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಟೆಡ್ಡಿ ಬಾಯ್‌ಗಳದ್ದು ಉಲ್ಟಾ ಕತೆ. ಯುದ್ಧ ಮುಗಿದ ಮೇಲೆ ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳು ಏಳನೇ ಎಡ್ವರ್ಡ್ ಕಾಲದ ಉದ್ದ ಕೋಟನ್ನು ಸಾಹುಕಾರರಿಗೆ ಹೊಲಿದುಕೊಟ್ಟರು. 50ರ ದಶಕದಲ್ಲಿ ಕೂಲಿ ಮನೆಗಳ ಹುಡುಗರು ಅದಕ್ಕೆ ವೆಲ್ವೆಟ್ ಕಾಲರ್, ದಪ್ಪ ಅಡಿಯ ಶೂ ಸೇರಿಸಿ ತಮ್ಮದು ಮಾಡಿಕೊಂಡರು. ಸಾಹುಕಾರರಿಗೆ ನಾಚಿಕೆಯಾಗಿ ಅವರು ಆ ಕೋಟನ್ನೇ ಬಿಟ್ಟರು! ಪಂಕ್ ವಿಷಯದಲ್ಲೂ ಲಂಡನ್ನಿನ ಡಿಸೈನರ್ ವಿವಿಯೆನ್ ವೆಸ್ಟ್‌ವುಡ್ ಪಾಲು ದೊಡ್ಡದೇ, ಒಪ್ಪುತ್ತೇನೆ. ಆದರೆ ಪಿನ್ನು ಚುಚ್ಚಿಕೊಂಡು ಬಸ್ಸು ಹತ್ತಿ, ಜನರ ಕೈಲಿ ಬೈಸಿಕೊಂಡವರು ಬೇರೆಯವರು.

ನನಗೆ ಜಾಸ್ತಿ ಕಾಡುವುದು ಡ್ಯಾಪರ್ ಡ್ಯಾನ್ ಕತೆ. 1982ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಂಗಡಿ ತೆರೆದು, ದೊಡ್ಡ ಬ್ರ್ಯಾಂಡ್‌ಗಳ ಲೋಗೊಗಳನ್ನು ಚರ್ಮದ ಮೇಲೆ ಅಚ್ಚು ಹಾಕಿ ಹಿಪ್‌ಹಾಪ್ ಹಾಡುಗಾರರಿಗೆ ಜಾಕೆಟ್ ಹೊಲಿದುಕೊಟ್ಟ ಮನುಷ್ಯ. ಕಂಪನಿಗಳು ಕೇಸು ಹಾಕಿದವು, ದಾಳಿಗಳಾದವು, 1992ರಲ್ಲಿ ಅಂಗಡಿ ಮುಚ್ಚಿತು. ಲೋಗೊ ಅವರದಲ್ಲ, ಕಾನೂನಿನ ಪ್ರಕಾರ ತಪ್ಪೇ. ಆದರೆ 2017ರಲ್ಲಿ ಇಟಲಿಯ ದುಬಾರಿ ಬ್ರ್ಯಾಂಡ್ ಗುಚ್ಚಿ ತಂದ ಒಂದು ಜಾಕೆಟ್ ಇವರು 80ರ ದಶಕದಲ್ಲಿ ಹೊಲಿದದ್ದನ್ನೇ ಹೋಲುತ್ತಿತ್ತು. ಜನ ಗಲಾಟೆ ಮಾಡಿದ ಮೇಲೆ ಕಂಪನಿ ಅವರ ಜೊತೆ ಕೈಜೋಡಿಸಿತು. ಕಾಲು ಶತಮಾನ ಹಿಡಿಯಿತು.

ಹಾಗಾಗಿ ಒಂದು ಕೋರಿಕೆ. ಜಪಾನಿನಲ್ಲಿ 1997ರಿಂದ 2017ರವರೆಗೆ ಫ್ರೂಟ್ಸ್ ಅಂತ ಒಂದು ಪತ್ರಿಕೆ ಬರುತ್ತಿತ್ತು. ಅದರ ಫೋಟೊಗ್ರಾಫರ್ ಶೋಯಿಚಿ ಅವೊಕಿ ಟೋಕಿಯೊದ ಹರಾಜುಕು ಬೀದಿಯ ಹುಡುಗ ಹುಡುಗಿಯರ ಫೋಟೊ ತೆಗೆದು, ಅವರ ವಯಸ್ಸು, ಕೆಲಸ, ಮೈಮೇಲಿದ್ದ ಬಟ್ಟೆ ಯಾವುದು ಅನ್ನುವುದನ್ನು ಪಕ್ಕದಲ್ಲೇ ಬರೆಯುತ್ತಿದ್ದರು. ನಿಮ್ಮ ಪುಟದಲ್ಲಿ ನಿಂತಿದ್ದ ಆ ಮೊಹಾಕ್ ಕೂದಲಿನ (ಎರಡೂ ಬದಿ ಬೋಳಿಸಿ ನಡುವೆ ಮಾತ್ರ ಜುಟ್ಟು) ಹುಡುಗನ ಕೆಳಗೆ 'ಪಂಕ್ ಯುವಕ' ಅಂತಷ್ಟೇ ಇತ್ತು. ಮುಂದಿನ ಸಲ ಹೆಸರು ಸಿಗದಿದ್ದರೆ ಹೋಗಲಿ, ಯಾವ ಊರು, ಯಾವ ವರ್ಷ ಅಂತಾದರೂ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ